40 ಲೀಟರ್ ಟ್ರಾವೆಲ್ ಬ್ಯಾಕ್‌ಪ್ಯಾಕ್ ರಿವ್ಯೂ: ತಿಂಗಳುಗಟ್ಲೆ ಹೊರದೇಶ ಸುತ್ತೋಕೆ ಇಷ್ಟು ಸಾಕಾ?

ಸಾಕು. ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ರಿವ್ಯೂ ಓದೋಕೆ ಬರೋರಲ್ಲಿ ಅರ್ಧ ಜನಕ್ಕೆ ಬೇಕಿರೋದು ಇದೊಂದೇ ಉತ್ತರ. ಹಾಸ್ಟೆಲ್‌ಗಳಲ್ಲಿ ಮಲಗಿ, ರಾತ್ರಿ ಬಸ್ಸು ರೈಲು ಹತ್ತಿ ಇಳಿದು, ಒಂದೊಂದು ಊರಲ್ಲಿ ನಾಲ್ಕೈದು ದಿನ ಇದ್ದು ಮುಂದಕ್ಕೆ ಹೋಗೋ ತರದ ಟ್ರಿಪ್ಪಿಗೆ 40 ಲೀಟರ್ ಸಾಕು. ಕಷ್ಟಪಟ್ಟು ಅಡ್ಜಸ್ಟ್ ಮಾಡ್ಕೋಬಹುದು ಅನ್ನೋ ಅರ್ಥದಲ್ಲಿ ಹೇಳ್ತಿಲ್ಲ, ಅದೇ ಸರಿಯಾದ ಸೈಜು. ಟೆಂಟು, ಸ್ಲೀಪಿಂಗ್ ಬ್ಯಾಗು, ಸ್ಟವ್ವು ಎಲ್ಲ ಹೊತ್ಕೊಂಡು ಬೆಟ್ಟದಲ್ಲಿ ದಿನಗಟ್ಲೆ ನಡೆಯೋರ ಕಥೆ ಬೇರೆ, ಅವ್ರಿಗೆ ಈ ಬ್ಯಾಗ್ ಅಲ್ಲವೇ ಅಲ್ಲ.

ಬ್ರ್ಯಾಂಡ್ ಹೆಸರು ಬರೀತಿಲ್ಲ. ಈ ಮಾದರಿ ಬ್ಯಾಗನ್ನ, ಅಂದ್ರೆ ಸೂಟ್‌ಕೇಸ್ ತರ ಮೂರು ಕಡೆ ಜಿಪ್ ಎಳೆದ್ರೆ ಪೂರ್ತಿ ಬಿಚ್ಕೊಳೋದು, ಸೊಂಟಕ್ಕೆ ದಪ್ಪ ಬೆಲ್ಟು, ಸ್ಟ್ರಾಪ್‌ಗಳನ್ನೆಲ್ಲ ಒಳಗೆ ಮುಚ್ಚಿಡೋಕೆ ಹಿಂದ್ಗಡೆ ಒಂದು ಫ್ಲಾಪು, ಲ್ಯಾಪ್‌ಟಾಪಿಗೆ ಜಾಗ, ಇಷ್ಟಿರೋದನ್ನ ಸುಮಾರು ಕಂಪನಿಗಳು ಹೆಚ್ಚುಕಮ್ಮಿ ಒಂದೇ ಡಿಸೈನಲ್ಲಿ ಮಾಡ್ತವೆ, ಹಂಗಾಗಿ ನಾನು ಹೊಗಳಿರೋದೂ ಬೈದಿರೋದೂ ನೀವು ನೋಡ್ತಿರೋ ಬ್ಯಾಗಿಗೂ ಬಹುಪಾಲು ಅನ್ವಯಿಸತ್ತೆ. ಅಂಗಡೀಲಿ ಕೈಯಲ್ಲಿ ಹಿಡ್ಕೊಂಡು ಏನೇನು ಚೆಕ್ ಮಾಡ್ಬೇಕು ಅಂತ ಗೊತ್ತಾದ್ರೆ ಸಾಕು, ಲೋಗೋ ಯಾವ್ದಾದ್ರೇನು.

ಸೈಜಿನ ವಿಷ್ಯಕ್ಕೆ ಬರ್ತೀನಿ. ಬ್ಯಾಗು ಎಷ್ಟು ದೊಡ್ಡದಿರತ್ತೋ ಅಷ್ಟೂ ತುಂಬತ್ತೆ. 65 ಲೀಟರಿಂದು ತಗೊಂಡು ಅರ್ಧ ಖಾಲಿ ಬಿಟ್ಕೊಂಡು ಹೋಗ್ತೀನಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ಹೊರಡೋ ಹಿಂದಿನ ರಾತ್ರಿ ಖಾಲಿ ಬಿಟ್ಟೋರನ್ನ ನಾನಂತೂ ನೋಡಿಲ್ಲ, ಚಳಿ ಇದ್ರೆ ಅಂತ ಇನ್ನೊಂದು ಜಾಕೆಟ್ಟು, ಪಾರ್ಟಿ ಗೀರ್ಟಿ ಇದ್ರೆ ಅಂತ ಇನ್ನೊಂದು ಜೊತೆ ಶೂ, ಓದೋಣ ಅಂತ ಮೂರು ದಪ್ಪ ಪುಸ್ತಕ, ಹಿಂಗೆ ತುಂಬ್ತಾ ತುಂಬ್ತಾ ನಿಲ್ಲೋ ಹೊತ್ತಿಗೆ 18 ಕೆಜಿ ಆಗಿರತ್ತೆ. ಅದನ್ನ ಹೊತ್ಕೊಂಡು ಲಿಫ್ಟ್ ಇಲ್ಲದ ಬಿಲ್ಡಿಂಗಲ್ಲಿ ನಾಲ್ಕನೇ ಫ್ಲೋರು ಹತ್ತಿದ್ಮೇಲೆ ಗೊತ್ತಾಗತ್ತೆ. ಇನ್ನೊಂದು ಏನಂದ್ರೆ ಒಂದು ವಾರದ ಟ್ರಿಪ್ಪಿಗೂ ಆರು ತಿಂಗಳ ಟ್ರಿಪ್ಪಿಗೂ ಬೇಕಾಗೋ ಬಟ್ಟೆ ಅಷ್ಟೇನೇ, ಒಗೆದು ಒಗೆದು ಹಾಕೋಬೇಕು ಅನ್ನೋದು ಬಿಟ್ರೆ ಏನೂ ವ್ಯತ್ಯಾಸ ಇಲ್ಲ. ಟ್ರಿಪ್ ಉದ್ದ ಆದ್ರೆ ಬ್ಯಾಗು ದೊಡ್ಡದಾಗ್ಬೇಕು ಅನ್ನೋದು ತಲೇಲಿ ಹೆಂಗೋ ಕೂತ್ಬಿಟ್ಟಿರತ್ತೆ, ಅದನ್ನ ಮೊದ್ಲು ತೆಗೆದು ಹಾಕಿ.

40 ಲೀಟರಿನ ಇನ್ನೊಂದು ಲಾಭ ವಿಮಾನದ ಕ್ಯಾಬಿನ್ನು. ತುಂಬಾ ಏರ್‌ಲೈನುಗಳಲ್ಲಿ ಕ್ಯಾಬಿನ್ ಬ್ಯಾಗಿನ ಅಳತೆ 55 × 40 × 20 ಸೆಂಮೀ ಆಸುಪಾಸಲ್ಲಿ ಇರತ್ತೆ, ಒಬ್ರು 20 ಅಂದ್ರೆ ಇನ್ನೊಬ್ರು 23 ಅಥ್ವಾ 25 ಅಂತಾರೆ, ಟಿಕೆಟ್ ಬುಕ್ ಮಾಡೋವಾಗ ಅದೇ ಏರ್‌ಲೈನಿನ ಸೈಟಲ್ಲಿ ನೋಡ್ಕೊಳಿ. ಈ ಬ್ಯಾಗು ಉದ್ದ ಅಗಲದಲ್ಲಿ ಪಾಸು, ದಪ್ಪದಲ್ಲಿ ಮಾತ್ರ ನೀವು ಹೆಂಗೆ ತುಂಬ್ತೀರಿ ಅನ್ನೋದರ ಮೇಲೆ. ಮುಂದಿನ ಪಾಕೆಟ್ಟಿಗೂ ತುರುಕಿದ್ರೆ ಹೊಟ್ಟೆ ಬಂದು ಅಳತೆ ಪೆಟ್ಟಿಗೇಲಿ ಇಳಿಯಲ್ಲ. ಅಸಲಿ ತೊಂದ್ರೆ ಅಳತೇದಲ್ಲ, ತೂಕದ್ದು. ಕಡಿಮೆ ದರದ ಏರ್‌ಲೈನುಗಳು ಎಷ್ಟೋ ಕಡೆ ಕ್ಯಾಬಿನ್ನಿಗೆ 7 ಕೆಜಿ ಮಾತ್ರ ಬಿಡ್ತವೆ, ಈ ಬ್ಯಾಗು ಖಾಲಿ ಇದ್ದಾಗಲೇ ಒಂದೂವರೆ ಕೆಜಿ ತೂಗತ್ತೆ, ಉಳಿಯೋದು ಐದೂವರೆ, ಅದರಲ್ಲಿ ಲ್ಯಾಪ್‌ಟಾಪು ಚಾರ್ಜರು ಕಳೆದ್ರೆ ಬಟ್ಟೆಗೆ ಮೂರು ಮೂರೂವರೆ ಕೆಜಿ. ಬ್ಯಾಗ್ ಕೊಳ್ಳೋವಾಗ ಖಾಲಿ ತೂಕ ಎಷ್ಟು ಅಂತ ಲೇಬಲ್ ನೋಡ್ಲೇಬೇಕು ಅನ್ನೋದು ಇದಕ್ಕೇ. ಎರಡೂವರೆ ಕೆಜಿ ತೂಗೋ 40 ಲೀಟರ್ ಬ್ಯಾಗುಗಳೂ ಇದಾವೆ, ನೋಡೋಕೆ ಬೊಂಬಾಟ್, ಹತ್ತು ಪಾಕೆಟ್ಟು ಹದಿನೈದು ಜಿಪ್ಪು, ಅವೆಲ್ಲ ನಿಮ್ಮ ತೂಕದ ಲೆಕ್ಕದಲ್ಲೇ ಹೋಗೋದು.

ಈಗ ನಿಜವಾದ ವಿಷ್ಯ, ಸೊಂಟದ ಬೆಲ್ಟು. ರಿವ್ಯೂ ವೀಡಿಯೋ ಮಾಡೋರೆಲ್ಲ ಪಾಕೆಟ್ ಎಣಿಸ್ತಾರೆ, ಬೆಲ್ಟಿನ ಬಗ್ಗೆ ಎರಡು ಮಾತಾಡಿ ಮುಗಿಸ್ತಾರೆ, ಆದ್ರೆ ಬ್ಯಾಗು ಚೆನ್ನಾಗಿದೆಯೋ ಇಲ್ವೋ ಅನ್ನೋದು ನೂರಕ್ಕೆ ಎಂಬತ್ತು ಭಾಗ ಅಲ್ಲೇ ತೀರ್ಮಾನ ಆಗತ್ತೆ. ತೂಕದ ಮುಕ್ಕಾಲು ಪಾಲು ಸೊಂಟದ ಮೂಳೆ ಮೇಲೆ ಕೂರ್ಬೇಕು, ಭುಜದ ಕೆಲಸ ಬ್ಯಾಗ್ ಹಿಂದಕ್ಕೆ ವಾಲದ ಹಾಗೆ ಹಿಡ್ಕೊಳೋದಷ್ಟೇ. ಅದಾಗ್ಬೇಕು ಅಂದ್ರೆ ಬ್ಯಾಗಿನ ಬೆನ್ನಿನ ಉದ್ದ ನಿಮ್ಮ ಬೆನ್ನಿಗೆ ಹೊಂದ್ಬೇಕು, ನಿಮ್ಮ ಎತ್ತರಕ್ಕಲ್ಲ. ಆರಡಿ ಇರೋರಿಗೆ ಕಾಲು ಉದ್ದ ಬೆನ್ನು ಗಿಡ್ಡ ಇರಬಹುದು, ಐದೂಕಾಲಡಿ ಇರೋರಿಗೆ ಉಲ್ಟಾ ಇರಬಹುದು. ಅಳೆಯೋದು ಸುಲಭ: ತಲೆ ಮುಂದಕ್ಕೆ ಬಗ್ಗಿಸಿ, ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕೈಗೆ ಸಿಗತ್ತೆ, ಅದು ಮೇಲಿನ ಪಾಯಿಂಟು. ಎರಡೂ ಕೈ ಸೊಂಟದ ಮೂಳೆಯ ಮೇಲ್ತುದಿ ಮೇಲಿಟ್ಟು ಹೆಬ್ಬೆರಳು ಎರಡನ್ನೂ ಬೆನ್ನು ಕಡೆ ಮಾಡಿ, ಹೆಬ್ಬೆರಳುಗಳ ನಡುವೆ ಗೆರೆ ಎಳೆದ್ರೆ ಬೆನ್ನುಮೂಳೆಗೆ ಎಲ್ಲಿ ಸೇರತ್ತೋ ಅದು ಕೆಳಗಿನ ಪಾಯಿಂಟು. ಯಾರನ್ನಾದ್ರೂ ಕರೆದು ಟೇಪಲ್ಲಿ ಇವೆರಡರ ಮಧ್ಯ ಅಳೆಸಿ. ಆ ಸೆಂಟಿಮೀಟರ್ ನಂಬರ್ ಹಿಡ್ಕೊಂಡು ಅಂಗಡಿಗೆ ಹೋಗಿ, ಲೇಬಲ್ಲಲ್ಲಿ ಸ್ಮಾಲ್ ಮೀಡಿಯಂ ಲಾರ್ಜ್ ಪಕ್ಕ ಅದನ್ನೇ ಬರೆದಿರ್ತಾರೆ. ನನ್ನ ಬ್ಯಾಗಲ್ಲಿ ಬೆನ್ನಿನ ಪ್ಯಾನೆಲ್ಲು ವೆಲ್ಕ್ರೋದಲ್ಲಿ ಮೇಲೆ ಕೆಳಗೆ ಜರುಗತ್ತೆ, ಇದಕ್ಕೆ ಪೂರ್ತಿ ಮಾರ್ಕ್ಸು. ಜರುಗದೇ ಇರೋ ಫಿಕ್ಸೆಡ್ ಪ್ಯಾನೆಲ್ ಇದ್ರೆ ಹಾಕ್ಕೊಂಡು ನೋಡದೆ ಆನ್‌ಲೈನಲ್ಲಿ ತರಿಸ್ಬೇಡಿ.

ಹಾಕ್ಕೊಳೋದಕ್ಕೂ ಒಂದು ಕ್ರಮ ಇದೆ, ಹಾಸ್ಟೆಲ್‌ಗಳಲ್ಲಿ ನೋಡ್ತಿರ್ತೀನಲ್ಲ, ಹತ್ತರಲ್ಲಿ ಎಂಟು ಜನ ಉಲ್ಟಾ ಮಾಡ್ತಾರೆ. ಮೊದ್ಲು ಎಲ್ಲ ಸ್ಟ್ರಾಪೂ ಸಡಿಲ ಮಾಡಿ. ಬ್ಯಾಗ್ ಏರಿಸ್ಕೊಂಡು ಸ್ವಲ್ಪ ಮುಂದಕ್ಕೆ ಬಗ್ಗಿ, ಬೆಲ್ಟಿನ ಪ್ಯಾಡಿನ ಮಧ್ಯಭಾಗ ಸೊಂಟದ ಮೂಳೆಯ ಅಂಚಿನ ಮೇಲೆ ಬರೋ ಹಾಗೆ ಕೂರಿಸಿ ಬಕಲ್ ಹಾಕಿ ಬಿಗಿ ಮಾಡಿ. ಹೊಟ್ಟೆ ಮೇಲೆ ಬಂದ್ರೆ ತಪ್ಪು, ಉಸಿರು ಕಟ್ಟತ್ತೆ. ಆಮೇಲೆ ಭುಜದ ಸ್ಟ್ರಾಪು ಕೆಳಕ್ಕೆ ಎಳೀರಿ, ಅತಿಯಾಗಿ ಎಳೀಬೇಡಿ, ಭುಜಕ್ಕೆ ತಾಕಿದ್ರೆ ಸಾಕು. ಆಮೇಲೆ ಭುಜದ ಮೇಲಿಂದ ಬ್ಯಾಗಿನ ತುದಿಗೆ ಹೋಗೋ ಚಿಕ್ಕ ಪಟ್ಟಿ ಇರತ್ತೆ, ಲೋಡ್ ಲಿಫ್ಟರ್ ಅಂತಾರೆ, ಅದು ಸುಮಾರು 45 ಡಿಗ್ರಿ ಓರೆಯಲ್ಲಿ ಇರೋ ಹಾಗೆ ಸ್ವಲ್ಪ ಎಳೀರಿ, ಬ್ಯಾಗು ಬೆನ್ನಿಗೆ ಅಂಟ್ಕೊಳತ್ತೆ. ಕೊನೇಗೆ ಎದೆ ಪಟ್ಟಿ. ಇಷ್ಟಾದ್ಮೇಲೆ ಭುಜದ ಸ್ಟ್ರಾಪಿನ ಕೆಳಗೆ ಬೆರಳು ತೂರಿಸಿದ್ರೆ ಸಲೀಸಾಗಿ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ತೂಕ ಇನ್ನೂ ಭುಜದ ಮೇಲೇ ಇದೆ ಅಂತ. ಮನೇಲಿ ಹತ್ತು ಕೆಜಿ ತುಂಬಿ, ನೀರಿನ ಬಾಟಲಿ, ಪುಸ್ತಕ, ಏನ್ ಸಿಗತ್ತೋ ಅದು, ಟ್ಯಾಗ್ ಕಿತ್ತು ಹಾಕೋ ಮುಂಚೆ ಒಂದು ಗಂಟೆ ಮೆಟ್ಟಿಲು ಹತ್ತಿ ಇಳೀರಿ. ನೋವು ಎಲ್ಲಾದ್ರೂ ಬರೋದಿದ್ರೆ ಅಷ್ಟರಲ್ಲಿ ಬರತ್ತೆ, ವಾಪಸ್ ಕೊಡೋಕೂ ಅವಕಾಶ ಇರತ್ತೆ.

ನನ್ನ ಬ್ಯಾಗಲ್ಲಿ ಬೆಲ್ಟಿನ ಪ್ಯಾಡು ಒಂಚೂರು ಗಿಡ್ಡ, ಪಕ್ಕದ ಮೂಳೆ ದಾಟಿ ಮುಂದಕ್ಕೆ ಬರೋ ಮುಂಚೆನೇ ಮುಗಿದು ಬರೀ ಪಟ್ಟಿ ಶುರುವಾಗತ್ತೆ. ಬಟ್ಟೆ ಮೇಲೆ ಏನೂ ಗೊತ್ತಾಗಲ್ಲ, ಸೆಖೆ ಊರಲ್ಲಿ ತೆಳು ಬನಿಯನ್ ಹಾಕಿದ್ರೆ ಉಜ್ಜಿ ಕೆಂಪಗಾಗತ್ತೆ. ಇದಕ್ಕೆ ಅರ್ಧ ಸ್ಟಾರ್ ಕಟ್.

ಜಿಪ್ಪು. ವೈಕೆಕೆ (ಜಿಪ್ ಮಾಡೋ ಜಪಾನಿ ಕಂಪನಿ) ಅಂತ ಎಳೆಯೋ ತುದೀಲಿ ಬರೆದಿದೆಯಾ ನೋಡಿ, ಇಷ್ಟು ದಿನ ಬಳಸಿದ್ರೂ ಒಂದ್ಸಲನೂ ಕೈ ಕೊಟ್ಟಿಲ್ಲ. ಮೂಲೆಗಳಲ್ಲಿ ಜಿಪ್ ಗಕ್ಕನೆ ಚೂಪಾಗಿ ತಿರುಗದೆ ದುಂಡಗೆ ತಿರುಗ್ಬೇಕು, ಚೂಪಾಗಿ ತಿರುಗೋ ಕಡೇನೇ ಮೊದ್ಲು ಹಲ್ಲು ಬಿಡೋದು. ಲಾಕ್ ಹಾಕೋಕೆ ತೂತಿರೋ ಜಿಪ್ಪು ಅಂತ ದೊಡ್ಡದಾಗಿ ಹೇಳ್ಕೋತಾರೆ, ಹಾಕ್ಕೊಳಿ ಬೇಡ ಅನ್ನಲ್ಲ, ಆದ್ರೆ ಅದರ ಮೇಲೆ ಭಾರ ಹಾಕಿ ಕೂರ್ಬೇಡಿ. ಪ್ಲಾಸ್ಟಿಕ್ ಸುರುಳಿ ಜಿಪ್ಪನ್ನ ಒಂದು ಬಾಲ್‌ಪೆನ್ ತುದೀಲಿ ಜೋರಾಗಿ ಚುಚ್ಚಿದ್ರೆ ಹಲ್ಲು ಬಿಟ್ಕೊಂಡು ಬಾಯಿ ತೆರೆಯತ್ತೆ, ಒಳಗೆ ಕೈ ಹಾಕಿ ಬೇಕಾದ್ದು ತೆಗೆದು, ಬೀಗ ಹಾಕಿರೋ ಎರಡೂ ಎಳೆತುದಿಗಳನ್ನ ಒಟ್ಟಿಗೆ ಹಿಡಿದು ಆ ಕಡೆಯಿಂದ ಈ ಕಡೆಗೆ ಒಂದ್ಸಲ ಜಾರಿಸಿದ್ರೆ ಮತ್ತೆ ಮುಚ್ಚಿಕೊಂಡು ಏನೂ ಆಗೇ ಇಲ್ಲ ಅನ್ನೋ ಹಾಗೆ ಕಾಣತ್ತೆ. ಹಳೇ ಬ್ಯಾಗಲ್ಲಿ ನೀವೇ ಮಾಡಿ ನೋಡಿ, ಅರ್ಧ ನಿಮಿಷದ ಕೆಲಸ. ಏರ್‌ಪೋರ್ಟ್ ಸೆಕ್ಯೂರಿಟಿಯೋರು ತೆಗೀಬಹುದಾದ ಟಿಎಸ್ಎ ಲಾಕಿದೂ ಅದೇ ಕಥೆ, ಮಾಸ್ಟರ್ ಕೀಗಳ ಫೋಟೋ 2015ರಲ್ಲೇ ಇಂಟರ್ನೆಟ್ಟಲ್ಲೆಲ್ಲ ಹರಡಿ ಜನ 3ಡಿ ಪ್ರಿಂಟರಲ್ಲಿ ಕೀ ಮಾಡ್ಕೊಂಡ್ರು. ಲಾಕಿನ ನಿಜವಾದ ಉಪಯೋಗ ಹಾಸ್ಟೆಲ್ ಲಾಕರಿಗೆ. ತುಂಬಾ ಕಡೆ ಲಾಕರ್ ಕೊಡ್ತಾರೆ ಬೀಗ ಕೊಡಲ್ಲ, ಹಂಗಾಗಿ ಕಂಬಿ ತೀರಾ ದಪ್ಪ ಇಲ್ಲದ ಒಂದು ನಂಬರ್ ಲಾಕು ಇಟ್ಕೊಳಿ. ಕೀ ಇರೋದು ಬೇಡ, ಕಳ್ಕೋತೀರ.

ಬಟ್ಟೆ ಗಟ್ಟಿ ಇದೆ. ಡೀನಿಯರ್ ಅಂತ ನಂಬರ್ ಬರೆದಿರ್ತಾರಲ್ಲ, 210, 420, 600, ಅದು ದಾರದ ದಪ್ಪ, 9000 ಮೀಟರ್ ದಾರ ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ. ನಂಬರ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತೇನಿಲ್ಲ, ನೈಲಾನು ಕಮ್ಮಿ ನಂಬರಲ್ಲೂ ಪಾಲಿಯೆಸ್ಟರಿಗಿಂತ ಉಜ್ಜಾಟ ತಡ್ಕೊಳತ್ತೆ. ತಳದಲ್ಲಿ ದಪ್ಪ ಇದ್ದು ಪಕ್ಕದಲ್ಲಿ ತೆಳು ಇದ್ರೆ ಸರಿಯಾಗಿ ಯೋಚನೆ ಮಾಡಿ ಹೊಲಿದಿದಾರೆ ಅಂತ ಅರ್ಥ. ಮಳೆ ಕವರ್ ಇದರ ಜೊತೆ ಬರಲ್ಲ, ಬೇರೆ ಕೊಳ್ಬೇಕಂತೆ, ಈ ದುಡ್ಡಿಗೆ ಅದನ್ನೂ ಕೊಡಬಾರದಾ ಅಂತ ಸಿಟ್ಟು ಬರತ್ತೆ ನಿಜ, ಆದ್ರೆ ಕವರಿಗಿಂತ ಒಳಗೆ ಹಾಕೋ ದಪ್ಪ ಪ್ಲಾಸ್ಟಿಕ್ ಚೀಲನೇ ವಾಸಿ. ಜೋರು ಮಳೇಲಿ ಕವರ್ ಹಾಕಿದ್ರೂ ಬೆನ್ನಿನ ಕಡೆಯಿಂದ ನೀರು ಇಳಿದು ತಳದಲ್ಲಿ ನಿಲ್ಲತ್ತೆ, ಗಾಳಿಗೆ ಕವರ್ ಹಾರೋಗತ್ತೆ. ಕಸದ ಬುಟ್ಟಿಗೆ ಹಾಕೋ ದೊಡ್ಡ ದಪ್ಪ ಚೀಲ ತಗೊಂಡು ಬ್ಯಾಗಿನೊಳಗೆ ಹಾಸಿ ಅದರೊಳಗೆ ಬಟ್ಟೆ ಇಟ್ಟು ಬಾಯಿ ತಿರುಚಿಬಿಡಿ, ಮುಗೀತು.

ಟ್ರಿಪ್ ಮುಗಿದ್ಮೇಲೆ ಬ್ಯಾಗನ್ನ ಒದ್ದೆ ಇರೋವಾಗಲೇ ಅಟ್ಟಕ್ಕೆ ಎಸೀಬೇಡಿ. ಒಳಗಡೆ ನೀರು ತಡೆಯೋಕೆ ಪಾಲಿಯುರೆಥೇನ್ ಲೇಪನ ಇರತ್ತೆ, ತೇವ ಮತ್ತೆ ಶಾಖ ಎರಡೂ ಸೇರಿದ್ರೆ ಅದು ಕೆಲವೇ ವರ್ಷದಲ್ಲಿ ಕೊಳೆತು ಜಿಗಟು ಜಿಗಟಾಗಿ ವಾಸನೆ ಬರತ್ತೆ, ಅದಕ್ಕೆ ರಿಪೇರಿ ಇಲ್ಲ. ಸೊಳ್ಳೆ ಲೋಷನ್ನಿನದೂ ಎಚ್ಚರ, ಡೀಟ್ ಇರೋ ಲೋಷನ್ನು ಕೆಲವು ಪ್ಲಾಸ್ಟಿಕ್ಕು, ಸಿಂಥೆಟಿಕ್ ಬಟ್ಟೆಗಳನ್ನ ಕರಗಿಸತ್ತೆ. ಬಾಟಲಿ ಸೋರಿದ್ರೆ ಪ್ಲಾಸ್ಟಿಕ್ಕಿನ ಬಕಲ್ಲು, ಕನ್ನಡಕ, ವಾಚಿನ ಗ್ಲಾಸು ಇಂಥವುಗಳ ಮೇಲೆ ಗುರುತು ಬೀಳಬಹುದು. ಪಿಕಾರಿಡಿನ್ 20 ಪರ್ಸೆಂಟ್ ಇರೋದು ತಗೊಂಡ್ರೆ ಸೊಳ್ಳೆಗೂ ಕೆಲಸ ಮಾಡತ್ತೆ, ಪ್ಲಾಸ್ಟಿಕ್ಕಿಗೂ ಏನೂ ಆಗಲ್ಲ.

ಲ್ಯಾಪ್‌ಟಾಪ್ ಪಾಕೆಟ್ ಎಲ್ಲಿಟ್ಟಿದಾರೆ ಅಂತ ನೋಡಿ, ಇದು ನನ್ನ ದೊಡ್ಡ ದೂರು. ಬೆನ್ನಿಗೆ ಅಂಟಿದ ಹಾಗೆ ಇರಬೇಕಾದ್ದನ್ನ ಮುಂದ್ಗಡೆ ಇಟ್ಟಿದಾರೆ, ಅಂದ್ರೆ ಬೆನ್ನಿಂದ ಅತಿ ದೂರ ಇರೋ ಜಾಗ. ಒಂದೂವರೆ ಕೆಜಿ ಅಲ್ಲಿ ನೇತಾಡಿದ್ರೆ ಬ್ಯಾಗು ಹಿಂದಕ್ಕೆ ಎಳೀತಾನೇ ಇರತ್ತೆ, ಮೂರು ಕೆಜಿ ಇದ್ದಂಗೆ ಅನ್ಸತ್ತೆ. ಭಾರ ಇರೋದು ಬೆನ್ನಿಗೆ ಹತ್ತಿರ, ಎತ್ತರದಲ್ಲಿ ಮಧ್ಯಕ್ಕೆ, ಹಗುರ ಇರೋದು ಹೊರಗೆ ಅನ್ನೋದು ಬ್ಯಾಗ್ ತುಂಬೋದರ ಅಆಇಈ, ಡಿಸೈನ್ ಮಾಡಿದೋರಿಗೆ ಅದು ಗೊತ್ತಿಲ್ಲ ಅಂತ ಹೇಳೋಕಾಗಲ್ಲ, ಏರ್‌ಪೋರ್ಟ್ ಸೆಕ್ಯೂರಿಟೀಲಿ ಬೇಗ ತೆಗಿಯೋಕೆ ಅನುಕೂಲ ಆಗ್ಲಿ ಅಂತ ಮಾಡಿರಬೇಕು. ಆದ್ರೆ ಏರ್‌ಪೋರ್ಟಲ್ಲಿ ಅರ್ಧ ಗಂಟೆ ಇರ್ತೀವಿ, ಬೆನ್ನ ಮೇಲೆ ತಿಂಗಳುಗಟ್ಲೆ ಇರತ್ತೆ. ನಾನು ಲ್ಯಾಪ್‌ಟಾಪನ್ನ ಆ ಪಾಕೆಟ್ಟಲ್ಲಿ ಇಡೋದೇ ಇಲ್ಲ, ಒಳಗಡೆ ಬೆನ್ನಿನ ಪ್ಯಾನೆಲ್ಲಿಗೆ ಒರಗಿಸಿ ಅದರ ಮೇಲೆ ಬಟ್ಟೆ ಇಡ್ತೀನಿ, ಮುಂದಿನ ಪಾಕೆಟ್ಟಲ್ಲಿ ಮಳೆ ಜಾಕೆಟ್ಟು.

ನೀರಿನ ಬಾಟಲಿ ಪಾಕೆಟ್ಟು ಖಾಲಿ ಬ್ಯಾಗಲ್ಲಿ ಸೂಪರ್, ಬ್ಯಾಗ್ ತುಂಬಿದ್ಮೇಲೆ ಹೊಟ್ಟೆ ಉಬ್ಬಿ ಬಾಟಲಿ ಒಳಗೇ ಹೋಗಲ್ಲ. ಅಂಗಡೀಲಿ ನೋಡೋವಾಗ ಬ್ಯಾಗೊಳಗೆ ಏನಾದ್ರೂ ತುಂಬಿಸಿ ಆಮೇಲೆ ಬಾಟಲಿ ಹಾಕಿ ನೋಡಿ. ನೀರಿನ ವಿಷ್ಯ ಬಂತಲ್ಲ, ಬಾಟಲಿಗೆ ತಿರುಗಿಸೋ ಟೊಳ್ಳು ನಾರಿನ ಫಿಲ್ಟರ್ ಚಿಕ್ಕದಿದೆ, ಹಗುರ ಇದೆ, ಅದರ ತೂತು 0.1 ಮೈಕ್ರಾನ್ ಅಂದ್ರೆ ಬ್ಯಾಕ್ಟೀರಿಯಾ, ಪ್ರೊಟೊಜೋವಾ ನಿಲ್ಲತ್ತೆ, ವೈರಸ್ ನಿಲ್ಲಲ್ಲ. ಇನ್ನೊಂದು, ಒಂದ್ಸಲ ಬಳಸಿದ ಫಿಲ್ಟರೊಳಗೆ ನೀರು ಹೆಪ್ಪುಗಟ್ಟಿದ್ರೆ ನಾರು ಒಡೆದು ಹೋಗತ್ತೆ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಹಂಗಾಗಿ ಚಳಿ ಊರಲ್ಲಿ ರಾತ್ರಿ ಫಿಲ್ಟರ್ರು ನಿಮ್ಮ ಹೊದಿಕೆಯೊಳಗೇ ಮಲಗ್ಬೇಕು. ಡೌಟ್ ಇದ್ದಾಗ ಕುದಿಸೋದು, ಕುದಿ ಬಂದ್ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಮೇಲಿದ್ರೆ ಮೂರು ನಿಮಿಷ.

ಒಳಗೆ ಬಟ್ಟೆ ಜೋಡಿಸೋಕೆ ಪ್ಯಾಕಿಂಗ್ ಕ್ಯೂಬ್ ಅಂತ ಜಿಪ್ಪಿನ ಚೀಲಗಳು ಸಿಗ್ತವೆ, ಎರಡು ಸಾಕು, ಒಗೆದಿದ್ದು ಒಂದರಲ್ಲಿ ಕೊಳೆಯಾಗಿದ್ದು ಒಂದರಲ್ಲಿ, ಆರರ ಸೆಟ್ಟೆಲ್ಲ ಸುಮ್ನೆ. ಬಟ್ಟೆ ಮೇಲೆ ಮೂರು, ಕೆಳಗೆ ಎರಡು, ಒಳ ಉಡುಪು ಐದು, ಒಂದು ಬೆಚ್ಚಗಿನದು, ಒಂದು ಮಳೆ ಜಾಕೆಟ್ಟು, ಮುಗೀತು. ಜೀನ್ಸ್ ಬೇಡ, ಒಣಗಲ್ಲ. ಮೆರಿನೋ ಉಣ್ಣೆ ಟೀಶರ್ಟು ನಾಲ್ಕೈದು ದಿನ ಹಾಕಿದ್ರೂ ನಾತ ಬರಲ್ಲ ಅನ್ನೋದು ನಿಜ, ಆದ್ರೆ ಬ್ಯಾಗಿನ ಪಟ್ಟಿ ಉಜ್ಜೋ ಕಡೆ ಬೇಗ ಸವೆದು ತೂತು ಬೀಳತ್ತೆ ಅನ್ನೋದೂ ನಿಜ. ಮೈಕ್ರೋಫೈಬರ್ ಟವೆಲ್ಲು ಒರೆಸ್ಕೊಳೋವಾಗ ಮೈಗೆ ಅಂಟಿ ಅಂಟಿ ಒಂಥರಾ ಹಿಂಸೆ, ಆದ್ರೂ ಇಟ್ಕೊಳಿ, ಅದರಿಂದ ಇನ್ನೊಂದು ಕೆಲಸ ಆಗತ್ತೆ: ಕೈಯಲ್ಲಿ ಒಗೆದ ಬಟ್ಟೆ ಹಿಂಡಿ, ಒಣಗಿದ ಟವೆಲ್ ಮೇಲೆ ಚಪ್ಪಟೆ ಹಾಸಿ, ಎರಡನ್ನೂ ಸೇರಿಸಿ ಸುರುಳಿ ಸುತ್ತಿ ಮೇಲೆ ಮೊಣಕಾಲೂರಿ ಒತ್ತಿದ್ರೆ ಅರ್ಧಕ್ಕರ್ಧ ನೀರು ಟವೆಲ್ಲಿಗೆ ಬರತ್ತೆ, ಬೆಳಗ್ಗೆ ಒಣಗಿರತ್ತೆ.

ಈ ತರ ಪೂರ್ತಿ ಬಿಚ್ಕೊಳೋ ಬ್ಯಾಗಿನ ಒಂದು ತೊಂದ್ರೆ ಯಾರೂ ಹೇಳಲ್ಲ: ತೆರೀಬೇಕಾದ್ರೆ ಎರಡು ಬ್ಯಾಗಿನಷ್ಟು ಜಾಗ ಬೇಕು. ಎಂಟು ಜನ ಮಲಗೋ ಡಾರ್ಮಲ್ಲಿ ನೆಲದ ಮೇಲೆ ಅಷ್ಟು ಜಾಗ ಎಲ್ಲಿರತ್ತೆ, ಹಾಸಿಗೆ ಮೇಲೇ ಬಿಚ್ಬೇಕು, ಮೇಲಿನ ಬಂಕ್ ಸಿಕ್ಕಿದ್ರೆ ದೇವ್ರೇ ಗತಿ. ಆದ್ರೂ ಮೇಲಿಂದ ಮಾತ್ರ ತೆರೆಯೋ ಬ್ಯಾಗಲ್ಲಿ ತಳದ ಕಾಲುಚೀಲಕ್ಕೆ ಎಲ್ಲ ಹೊರಗೆ ಸುರಿಯೋದಕ್ಕಿಂತ ಇದೇ ವಾಸಿ.

ಮೇಲಿನ ಚಿಕ್ಕ ಪಾಕೆಟ್ಟು ತುಂಬಾ ಇಷ್ಟ ಆಯ್ತು, ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ. ಅದರಲ್ಲಿ ಒಂದೇ ಒಂದು ಪೌಚ್ ಇಡಿ, ಆ ಪೌಚಲ್ಲಿ ಪಾಸ್‌ಪೋರ್ಟು, ಔಷಧಿ, ಪವರ್ ಬ್ಯಾಂಕು. ಈ ಮೂರೂ ಒಟ್ಟಿಗೆ ಯಾಕೆ ಅಂದ್ರೆ, ವಿಮಾನ ತುಂಬಿದಾಗ ಗೇಟಲ್ಲೇ ಕ್ಯಾಬಿನ್ ಬ್ಯಾಗ್ ಇಸ್ಕೊಂಡು ಕೆಳಗಿನ ಹೋಲ್ಡಿಗೆ ಹಾಕ್ತಾರೆ, ಆಗ ಪವರ್ ಬ್ಯಾಂಕ್ ಬ್ಯಾಗಲ್ಲಿ ಬಿಡಂಗಿಲ್ಲ, ಬಿಡಿ ಲಿಥಿಯಂ ಬ್ಯಾಟರಿ ಯಾವತ್ತೂ ಕ್ಯಾಬಿನ್ನಲ್ಲೇ ಇರ್ಬೇಕು ಅನ್ನೋದು ನಿಯಮ. ಹಿಂದೆ ಕ್ಯೂ ನಿಂತಿರೋವಾಗ ಇಡೀ ಬ್ಯಾಗ್ ಬಿಚ್ಚಿ ಹುಡುಕೋ ಬದಲು ಒಂದು ಪೌಚ್ ಎಳೆದ್ಕೊಂಡು ಬ್ಯಾಗ್ ಕೊಟ್ಟು ನಡೆದ್ರಾಯ್ತು. ಪವರ್ ಬ್ಯಾಂಕ್ 100 ವ್ಯಾಟ್ ಅವರ್ (ಬ್ಯಾಟರೀಲಿ ಎಷ್ಟು ಶಕ್ತಿ ಹಿಡಿಸತ್ತೆ ಅನ್ನೋ ಅಳತೆ) ತನಕ ಸಾಮಾನ್ಯವಾಗಿ ಯಾರನ್ನೂ ಕೇಳಬೇಕಿಲ್ಲ. ಡಬ್ಬಿ ಮೇಲೆ ಎಂಎಎಚ್ ಬರೆದಿರತ್ತೆ, ಅದನ್ನ 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ: 20,000 ಎಂಎಎಚ್ ಅಂದ್ರೆ 74 ವ್ಯಾಟ್ ಅವರ್, ಆರಾಮು. 30,000 ಅಂದ್ರೆ 111, ಏರ್‌ಲೈನ್ ಒಪ್ಪಿಗೆ ಬೇಕು. ನಂಬರ್ ಅಳಿಸಿ ಹೋಗಿರೋ ಹಳೇದು ಒಯ್ಯಬೇಡಿ, ಓದೋಕಾಗ್ದಿದ್ರೆ ಕಿತ್ಕೋತಾರೆ.

ಪಾಸ್‌ಪೋರ್ಟಿಂದು ಎಲ್ರಿಗೂ ಗೊತ್ತಿರೋದೇ, ಎಷ್ಟೋ ದೇಶಗಳು ನೀವು ಹೋಗಿ ಇಳಿಯೋ ದಿನದಿಂದ ಆರು ತಿಂಗಳು ವ್ಯಾಲಿಡಿಟಿ ಕೇಳ್ತವೆ, ಆದ್ರೆ ಉದ್ದ ಟ್ರಿಪ್ಪಲ್ಲಿ ಅದನ್ನ ಹೊರಡೋ ದಿನದಿಂದ ಎಣಿಸ್ಬಾರ್ದು, ಕೊನೇ ದೇಶಕ್ಕೆ ಕಾಲಿಡೋ ದಿನದಿಂದ ಎಣಿಸ್ಬೇಕು. ಖಾಲಿ ಪುಟ ಎಷ್ಟಿದೆ ಅಂತಲೂ ನೋಡಿ. ಷೆಂಗೆನ್ ದೇಶಗಳಿಗೆ, ಅಂದ್ರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಶಾರ್ಟ್ ಸ್ಟೇ ಲೆಕ್ಕ ಯಾವುದೇ 180 ದಿನದೊಳಗೆ 90 ದಿನ, ಒಂದು ದಿನ ಹೊರಗೆ ಹೋಗಿ ಬಂದ್ರೆ ಮೀಟರ್ ಸೊನ್ನೆ ಆಗಲ್ಲ, ಪ್ರತಿ ದಿನವೂ ಹಿಂದಿನ 180 ದಿನ ನೋಡಿ ಎಣಿಸ್ತಾರೆ.

ಔಷಧಿಗೆ ಬಂದ್ರೆ, ಮಾತ್ರೆ ಎಲ್ಲ ಬಿಚ್ಚಿ ಒಂದೇ ಡಬ್ಬೀಲಿ ಕಲಸಿ ಇಡೋದು ಬೇಡ, ಶೀಟು ಶೀಟಾಗೇ ಇರ್ಲಿ, ಜೊತೆಗೆ ಡಾಕ್ಟರ್ ಚೀಟಿ, ಅದರಲ್ಲಿ ಬ್ರ್ಯಾಂಡ್ ಹೆಸರಲ್ಲ, ಒಳಗಿರೋ ಔಷಧಿ ಹೆಸರು. ಒಂದು ದೇಶದಲ್ಲಿ ಅಂಗಡೀಲಿ ಸಿಗೋ ಮಾತ್ರೆ ಇನ್ನೊಂದು ದೇಶದಲ್ಲಿ ನಿಷೇಧ ಇರತ್ತೆ. ಮೂಗು ಕಟ್ಟಿದಾಗ ತಗೊಳೋ ಸೂಡೊಎಫೆಡ್ರಿನ್ 10 ಪರ್ಸೆಂಟಿಗಿಂತ ಜಾಸ್ತಿ ಇದ್ರೆ ಜಪಾನಿಗೆ ತಗೊಂಡು ಹೋಗಂಗಿಲ್ಲ, ಟ್ರಮಡಾಲ್ ತರದ ನೋವಿನ ಮಾತ್ರೆಗೆ ಈಜಿಪ್ಟಲ್ಲಿ ಜೈಲೇ ಆಗಿದೆ. ಓಆರ್‌ಎಸ್ ಪ್ಯಾಕೆಟ್ ನಾಲ್ಕೈದು ಇಡಿ, ಮುಗಿದ್ರೆ ಒಂದು ಲೀಟರ್ ಒಳ್ಳೇ ನೀರಿಗೆ ಆರು ಟೀ ಚಮಚ ಸಕ್ಕರೆ ಅರ್ಧ ಟೀ ಚಮಚ ಉಪ್ಪು, ಚಮಚ ಸಮತಟ್ಟಾಗಿ, ಗೋಪುರ ಮಾಡ್ಬೇಡಿ. ಲಸಿಕೆಗೆ ಹೊರಡೋ ಹಿಂದಿನ ವಾರ ಓಡೋದಲ್ಲ, ಆರೆಂಟು ವಾರ ಮುಂಚೆ ಡಾಕ್ಟರ್ ನೋಡಿ. ಹಳದಿ ಜ್ವರದ ಸರ್ಟಿಫಿಕೇಟು ಚುಚ್ಚಿಸ್ಕೊಂಡ ಹತ್ತು ದಿನ ಆದ್ಮೇಲೆನೇ ಚಾಲ್ತಿಗೆ ಬರೋದು, 2016ರ ಜುಲೈ 11ರಿಂದ ಅದು ಜೀವಮಾನ ಪೂರ್ತಿ ನಡೆಯತ್ತೆ, ಹಳೇದರ ಮೇಲೆ ಹತ್ತು ವರ್ಷ ಅಂತ ಬರೆದಿದ್ರೂ ಸರಿ. ರೇಬೀಸ್ ಮುಂಜಾಗ್ರತೆ ಲಸಿಕೆ ಡಬ್ಲ್ಯುಎಚ್‌ಒ 2018ರಿಂದ ಎರಡೇ ಡೋಸಿಗೆ ಇಳಿಸಿದೆ, ಮೊದಲ ದಿನ ಒಂದು, ಏಳು ದಿನ ಬಿಟ್ಟು ಇನ್ನೊಂದು. ಅದು ಹಾಕಿಸ್ಕೊಂಡಿದ್ರೂ ನಾಯಿ ಕಚ್ಚಿದ್ರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗ್ಲೇಬೇಕು.

ಜೊತೇಲಿ ತಗೊಂಡಿದ್ದ ಯೂನಿವರ್ಸಲ್ ಅಡಾಪ್ಟರ್ ಬಗ್ಗೆ ಎರಡು ಮಾತು, ಅದಕ್ಕೆ ಎರಡು ಸ್ಟಾರ್. ಎಲ್ಲ ದೇಶದ ಪಿನ್ನೂ ಒಂದೇ ಡಬ್ಬೀಲಿ ಅಂದ್ರೆ ಕೇಳೋಕೆ ಚಂದ, ಹಾಸ್ಟೆಲ್ ಗೋಡೆಯ ಸಡಿಲ ಸಾಕೆಟ್ಟಿಗೆ ಹಾಕಿದ್ರೆ ತನ್ನ ತೂಕಕ್ಕೇ ಜಾರಿ ಬೀಳತ್ತೆ, ಬೆಳಗ್ಗೆ ಎದ್ದು ನೋಡಿದ್ರೆ ಫೋನ್ 12 ಪರ್ಸೆಂಟು. ಹೋಗೋ ಕಡೆ ಬೇಕಾಗೋ ಚಿಕ್ಕ ಚಿಕ್ಕ ಅಡಾಪ್ಟರ್ ಒಂದೆರಡು, ಜೊತೆಗೆ ನಾಲ್ಕು ಯುಎಸ್‌ಬಿ ಇರೋ ಒಂದೇ ಚಾರ್ಜರು ಇದ್ರೆ ಡಾರ್ಮಲ್ಲಿ ಸ್ನೇಹಿತರೂ ಆಗ್ತಾರೆ. ಅಡಾಪ್ಟರು ಪಿನ್ನಿನ ಆಕಾರ ಬದಲಾಯಿಸತ್ತೆ, ವೋಲ್ಟೇಜ್ ಬದಲಾಯಿಸಲ್ಲ. ಚಾರ್ಜರ್ ಮೇಲೆ 100–240 ವೋಲ್ಟ್ ಅಂತಿದ್ರೆ ಎಲ್ಲಿ ಬೇಕಾದ್ರೂ ಹಾಕಿ. ಹೇರ್ ಡ್ರೈಯರ್ ತರದ್ರಲ್ಲಿ ಅದಿರಲ್ಲ, ಮನೇಲೇ ಬಿಟ್ಟೋಗಿ.

ಇನ್ಶೂರೆನ್ಸ್ ಪಾಲಿಸೀನ ಬ್ಯಾಗ್ ರಿವ್ಯೂನಲ್ಲಿ ತರೋದು ಅತಿಯಾಯ್ತೇನೋ, ಆದ್ರೂ ಒಂದು ವಿಷ್ಯ. ಬ್ಯಾಗ್ ಕಳೆದ್ರೆ ಎಷ್ಟು ಕೊಡ್ತಾರೆ ಅನ್ನೋದನ್ನ ಎಲ್ರೂ ನೋಡ್ತಾರೆ, ಅದು ಚಿಲ್ಲರೆ. ನೋಡ್ಬೇಕಾದ್ದು ಆಸ್ಪತ್ರೆ ಖರ್ಚು, ಅಲ್ಲಿಂದ ಸಾಗಿಸೋ ಖರ್ಚು, ಮತ್ತೆ ಸ್ಕೂಟರ್ ಓಡಿಸಿ ಬಿದ್ರೆ ಕವರ್ ಇದೆಯಾ ಅನ್ನೋದು. ಬಹಳ ಪಾಲಿಸಿಗಳಲ್ಲಿ ಆ ಗಾಡಿಗೆ ನಡೆಯೋ ಲೈಸೆನ್ಸ್ ಇಲ್ಲ ಅಂದ್ರೆ ಕ್ಲೇಮ್ ಇಲ್ಲ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟಲ್ಲಿ 1949ರ ಒಪ್ಪಂದದ್ದು, 1968ರದ್ದು ಅಂತ ಎರಡು ಬಗೆ ಇದೆ, ಹೋಗೋ ದೇಶ ಯಾವ್ದನ್ನ ಒಪ್ಪತ್ತೆ ಅಂತ ಮೊದ್ಲೇ ನೋಡ್ಕೊಳಿ.

ಒಟ್ಟಾರೆ ಬ್ಯಾಗಿಗೆ ಐದಕ್ಕೆ ನಾಲ್ಕು. ಬೆಲ್ಟಿಗೆ ಕಟ್ ಮಾಡಿದ್ದು ಅರ್ಧ, ಲ್ಯಾಪ್‌ಟಾಪ್ ಜಾಗಕ್ಕೆ ಇನ್ನರ್ಧ. ಬಾಟಲಿ ಪಾಕೆಟ್ ಮಾಫಿ. ಹಿಂದಿನ ಫ್ಲಾಪ್ ಬಗ್ಗೆ ಹೇಳೋಕೆ ಮರೀಬಾರ್ದು, ಚೆಕ್‌ಇನ್ ಮಾಡೋವಾಗ ಸ್ಟ್ರಾಪು ಬೆಲ್ಟು ಎಲ್ಲ ಅದರೊಳಗೆ ಹಾಕಿ ಜಿಪ್ ಎಳೆದುಬಿಡಿ, ಇಲ್ಲಾಂದ್ರೆ ಕನ್ವೇಯರಿಗೆ ಸಿಕ್ಕಿ ಬಕಲ್ ಕಿತ್ತು ಬರತ್ತೆ. ತುಂಬಾ ಚಳಿ ದೇಶಗಳೇ ಪ್ಲ್ಯಾನಲ್ಲಿದ್ರೆ 40 ಸಾಲಲ್ಲ, 50 ನೋಡಿ. ಬೆನ್ನು ತೀರಾ ಉದ್ದ ಇರೋರು ಹಾಕಿ ನೋಡದೆ ತಗೋಬೇಡಿ. ಬಣ್ಣ ಹೊರಗೆ ಯಾವ್ದಾದ್ರೂ ಆಗ್ಲಿ, ಒಳಗಿನ ಲೈನಿಂಗ್ ಮಾತ್ರ ತಿಳಿ ಬಣ್ಣದ್ದೇ ನೋಡಿ ತಗೊಳಿ, ಕಪ್ಪು ಲೈನಿಂಗಲ್ಲಿ ಕಪ್ಪು ಕೇಬಲ್ಲನ್ನ ರಾತ್ರಿ ಡಾರ್ಮಲ್ಲಿ ಲೈಟ್ ಹಾಕದೆ ಹುಡುಕೋ ಕಷ್ಟ ಯಾರಿಗೂ ಬೇಡ.